ಅದೇ ಬೆಟ್ಟ, ಬೇರೆ ಲೋಕ

ಪ್ರಶ್ನೆ: ನಾವು ಗೆಳೆಯರು ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬ ಕಥೆ ಹೇಳುತ್ತಾ ಆಡಿಸುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗಿ ದಾಳ ಹಾಕಿ ಆಡುತ್ತಾರೆ. ಆಡಿಸುವವನು ನಾನು. ಅದರ ಸಮಾನಾಂತರ ಲೋಕಗಳನ್ನು ನಮ್ಮೂರಿಗೆ ಹೊಂದಿಸುವುದು ಹೇಗೆ ಸಾರ್?
– ಓದುಗ, ಸರಸ್ವತಿಪುರಂ, ಮೈಸೂರು

ಉತ್ತರ: ಇರೋ ಲೋಕಗಳನ್ನೆಲ್ಲ ತುರುಕಬೇಡಿ. ಆಟದ ನಿಯಮಗಳ 2008ರ ನಾಲ್ಕನೇ ಆವೃತ್ತಿಯಲ್ಲಿ ಬಂದ ಫೇವೈಲ್ಡ್, ಶ್ಯಾಡೋಫೆಲ್ ಎರಡೇ ಸಾಕು. ಎರಡೂ ನಮ್ಮ ಲೋಕದ ಪಡಿನೆರಳು. ಇಲ್ಲಿ ಬೆಟ್ಟವಿದ್ದರೆ ಅಲ್ಲೂ ಬೆಟ್ಟ. ಆದರೆ ಫೇವೈಲ್ಡ್‌ನಲ್ಲಿ ಎಲ್ಲವೂ ಜಾಸ್ತಿ: ಬಣ್ಣ, ಕಾಡು, ಕೋಪ, ಖುಷಿ. ಶ್ಯಾಡೋಫೆಲ್ ಬರೀ ಮಂಕು.

ಚಾಮುಂಡಿ ಬೆಟ್ಟದ ಮೆಟ್ಟಿಲಿನಿಂದಲೇ ಶುರು ಮಾಡಿ. ಫೇವೈಲ್ಡ್‌ನಲ್ಲಿ ನಮ್ಮ ದೊಡ್ಡ ನಂದಿ ಎದ್ದು ಮೇಯಲು ಹೋಗಿರಲಿ. ಎಲ್ಲಿಗೆ ಅಂತ ಹುಡುಕುವುದೇ ಒಂದು ಸಂಜೆಯ ಆಟ! ಶ್ಯಾಡೋಫೆಲ್‌ನಲ್ಲಿ ದೇವರಾಜ ಮಾರುಕಟ್ಟೆ ತೆರೆದೇ ಇರಲಿ, ರಾಶಿ ರಾಶಿ ಮಲ್ಲಿಗೆಯೂ ಇರಲಿ, ವಾಸನೆ ಮಾತ್ರ ಬೇಡ. ನನಗಂತೂ ದೆವ್ವಕ್ಕಿಂತ ಇದೇ ಹೆಚ್ಚು ಭಯ.

ಕಾಲದ ವಿಷಯ ಹುಷಾರು. ಐದನೇ ಆವೃತ್ತಿಯಲ್ಲಿ ಬೇಕಿದ್ದರೆ ಬಳಸಬಹುದಾದ ಒಂದು ನಿಯಮವಿದೆ: ಫೇವೈಲ್ಡ್‌ನಲ್ಲಿ ಕಳೆದ ದಿನಗಳು ಇಲ್ಲಿ ನಿಮಿಷಗಳಾಗಬಹುದು, ವರ್ಷಗಳೂ ಆಗಬಹುದು. ದಾಳ ಹಾಕಿ ತಿಳಿಯಬೇಕು. ವರ್ಷ ಬಿದ್ದರೆ ಸುಮ್ನೆ ವಾರಕ್ಕೆ ಇಳಿಸಿ. ಆಡಿಸುವವರು ನೀವೇ ಅಲ್ವಾ, ಯಾರು ಕೇಳುತ್ತಾರೆ?