ವಿಂಡೋಸ್ ಅಳಿಸದೆ ಅದರ ಜೊತೆಗೇ ಲಿನಕ್ಸ್ ಹಾಕಿಕೊಳ್ಳಬಹುದೇ?

ಖಂಡಿತ ಹಾಕಿಕೊಳ್ಳಬಹುದು. ಲಿನಕ್ಸ್ ಎಂದರೆ ವಿಂಡೋಸಿನಂತೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ. ಲ್ಯಾಪ್‌ಟಾಪ್ ಗಟ್ಟಿಯಾಗಿದೆ, ಆದರೆ ವಿಂಡೋಸ್ 11 ಅದಕ್ಕೆ ಕೂರುವುದಿಲ್ಲ, ಅಪ್ಪ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದ ಕಡತಗಳಿಗಾಗಿ ವಿಂಡೋಸ್ 10 ತೆಗೆಯುವಂತೆಯೂ ಇಲ್ಲ ಎಂದಿದ್ದೀರಿ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿದ್ದ ಸ್ಥಿತಿಯೂ ಇದೇ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಬ್ಯಾಂಕು, ಇಮೇಲ್ ಇತ್ಯಾದಿಗಳನ್ನು ಲಿನಕ್ಸ್‌ಗೆ ಸಾಗಿಸುವುದು ಒಳ್ಳೆಯದೇ.

ಎಲ್ಲರಿಗೂ ಭಯ ಲಿನಕ್ಸ್ ಇನ್‌ಸ್ಟಾಲ್ ಆಗುವ ಆ ಅರ್ಧ ಗಂಟೆಯದು. ನಾನು ಕಂಡಂತೆ ಕೆಲಸ ಕೆಡುವುದು ಅದಕ್ಕೂ ಮೊದಲು, ವಿಂಡೋಸಿನ ಒಳಗೆ ಮಾಡಬೇಕಾದ ಸಿದ್ಧತೆಯನ್ನು ಬಿಟ್ಟು ಹೊರಟಾಗ.

ಮುಖ್ಯ ಕಡತಗಳ ಪ್ರತಿ ಬೇರೊಂದು ಡಿಸ್ಕಿನಲ್ಲಿರಲಿ. ಆಮೇಲೆ ಡ್ರೈವಿಗೆ ಬಿಟ್‌ಲಾಕರ್, ಅಂದರೆ ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಾಗಿಸುವ ವಿಂಡೋಸಿನ ಬೀಗ, ಬಿದ್ದಿದೆಯೇ ನೋಡಿ. ನಾನು ನೋಡಿರಲಿಲ್ಲ. ಯಾರೋ ಹೇಳಿದರೆಂದು ಬಯಾಸ್‌ನಲ್ಲಿ (ಕಂಪ್ಯೂಟರ್ ಏಳುವಾಗಲೇ ತೆರೆಯಬಹುದಾದ ಯಂತ್ರದ ಮೂಲ ಸೆಟ್ಟಿಂಗ್) ನಂಬಿಕೆಯ ತಂತ್ರಾಂಶದಿಂದ ಮಾತ್ರ ಏಳಲು ಬಿಡುವ ಸೆಕ್ಯೂರ್ ಬೂಟ್ ಆಫ್ ಮಾಡಿ ಬಂದರೆ, ನೀಲಿ ಪರದೆಯೊಂದು ರಿಕವರಿ ಕೀ ಕೇಳುತ್ತ ಕುಳಿತಿತ್ತು. ರಾತ್ರಿ ಹನ್ನೊಂದು ಗಂಟೆ. ಪುಣ್ಯಕ್ಕೆ ಕೀ ನನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿತ್ತು. ಆರಾರು ಅಂಕಿಗಳ ಎಂಟು ಗುಂಪು, ಒಟ್ಟು 48. ತಂಗಿ ಮೊಬೈಲ್ ನೋಡಿ ಓದಿದಳು, ನಾನು ಒತ್ತಿದೆ. ಅಸಲಿಗೆ ಉಬುಂಟು ಎಂಬ ಲಿನಕ್ಸ್ ಹಾಕಲು ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯವೇ ಇರಲಿಲ್ಲ! ನೀವು ಕೀಯನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ, ಇಲ್ಲವೇ ಬಿಟ್‌ಲಾಕರನ್ನೇ ತೆಗೆದುಬಿಡಿ.

ಇನ್ನೊಂದು ಕಳ್ಳ ಫಾಸ್ಟ್ ಸ್ಟಾರ್ಟಪ್. ಅದು ಚಾಲೂ ಇದ್ದರೆ ಶಟ್ ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಕೋಳಿನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿರುವ ಡ್ರೈವಿಗೆ ಲಿನಕ್ಸ್ ಏನನ್ನೂ ಬರೆಯಲು ಒಪ್ಪುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ.

ಜಾಗವನ್ನೂ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಬಿಡಿಸಿಕೊಳ್ಳಿ. ಸಿ ಡ್ರೈವನ್ನು 60 ಜಿಬಿಯಷ್ಟು ಕುಗ್ಗಿಸಿ, ಆ ಖಾಲಿ ಜಾಗವನ್ನು ಫಾರ್ಮ್ಯಾಟ್ ಮಾಡದೆ ಹಾಗೆಯೇ ಬಿಡಿ. ನೂರು ಜಿಬಿ ಖಾಲಿಯಿದ್ದರೂ ಹತ್ತು ಜಿಬಿ ಮಾತ್ರ ಕುಗ್ಗಿಸಲು ಬಿಟ್ಟರೆ ಗಾಬರಿಯಾಗಬೇಡಿ. ಸರಿಸಲಾಗದ ಕಡತಗಳು ನಡುದಾರಿಯಲ್ಲಿ ಕುಳಿತಿರುತ್ತವೆ. ಅಂಥ ಕಡತಗಳನ್ನಿಡುವ ಹೈಬರ್ನೇಷನ್ ಮತ್ತು ಪೇಜ್ ಫೈಲ್ ಸೌಲಭ್ಯಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಮತ್ತೆ ನೋಡಿ.

ಇನ್ನು 8 ಜಿಬಿಯ ಪೆನ್‌ಡ್ರೈವ್, ಲಿನಕ್ಸನ್ನು ಅದಕ್ಕೆ ಏರಿಸುವ ರೂಫಸ್ ತಂತ್ರಾಂಶ, ಉಬುಂಟು ಅಥವಾ ಮಿಂಟ್ ಎಂಬ ಇನ್ನೊಂದು ಲಿನಕ್ಸ್, ಇಷ್ಟೇ ಬೇಕಾಗಿರುವುದು. ಹೊಸಬರಿಗೆ ನನ್ನ ಮತ ಮಿಂಟ್‌ಗೆ. ಮೆನು ವಿಂಡೋಸ್ ಕಂಡ ಕಣ್ಣಿಗೆ ಹೊಂದುತ್ತದೆ. ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ವೈಫೈ, ಸದ್ದು, ಟಚ್‌ಪ್ಯಾಡ್ ಸರಿಯಿದೆಯೇ ನೋಡಿಕೊಳ್ಳಿ. ಆಮೇಲೆ ವಿಂಡೋಸ್ ಜೊತೆಗೆ ಹಾಕುವ ಆಯ್ಕೆಯನ್ನು ಒತ್ತಿ. ಆ ಆಯ್ಕೆಯೇ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ. ಇಡೀ ಡಿಸ್ಕ್ ಅಳಿಸುವ ಆಯ್ಕೆ ಪಕ್ಕದಲ್ಲೇ ಇರುತ್ತದೆ. ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಸ್ಟೋರೇಜ್ (ಡಿಸ್ಕಿನ ಸೆಟ್ಟಿಂಗ್) ರೇಡ್ ಎಂಬ ಸ್ಥಿತಿಯಲ್ಲಿರಬಹುದು. ಅದನ್ನು ಎಎಚ್‌ಸಿಐ ಎಂಬ ಇನ್ನೊಂದು ಸ್ಥಿತಿಗೆ ಬದಲಿಸಬೇಕು, ಆದರೆ ವಿಂಡೋಸನ್ನು ಸೇಫ್ ಮೋಡ್‌ನಲ್ಲಿ (ಅತ್ಯಗತ್ಯವಾದವು ಮಾತ್ರ ಓಡುವ ಸ್ಥಿತಿ) ಏಳುವಂತೆ ಹೊಂದಿಸಿದ ಮೇಲೆ ಮಾತ್ರ. ಇಲ್ಲದಿದ್ದರೆ ವಿಂಡೋಸ್ ಏಳದೆ ಹಟ ಹಿಡಿಯುತ್ತದೆ. ಪಾರ್ಟಿಷನ್‌ಗಳನ್ನು, ಅಂದರೆ ಡಿಸ್ಕಿನ ಭಾಗಗಳನ್ನು, ನೀವೇ ಆಯ್ದುಕೊಳ್ಳುವುದಾದರೆ ಇಎಫ್‌ಐ ಎಂದಿರುವ ಸಣ್ಣ ಪಾರ್ಟಿಷನ್ ಫಾರ್ಮ್ಯಾಟ್ ಆಗದಂತೆ ನೋಡಿಕೊಳ್ಳಿ. ವಿಂಡೋಸ್ ಏಳುವುದೂ ಅದರಿಂದಲೇ.

ಅಪ್ಪನ ಕಡತಗಳ ವಿಷಯದಲ್ಲಿ ನಿಮ್ಮ ಲೆಕ್ಕ ಸರಿ. ಹಳೆಯ ನುಡಿ ಫಾಂಟಿನ ಬರಹ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ, ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಅವರು ವಿಂಡೋಸಿನಲ್ಲೇ ಇರಲಿ. ಹೊಸದಾಗಿ ಯೂನಿಕೋಡ್‌ನಲ್ಲಿ ಬರೆಯಲು ಲಿನಕ್ಸ್‌ನ ಐಬಸ್ ಎಂಬ ಟೈಪಿಂಗ್ ಸೌಲಭ್ಯದಲ್ಲಿ ನುಡಿಯದ್ದೇ ಆದ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ, ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಅದು ಹೊಸದೆನಿಸುವುದಿಲ್ಲ.

ಎಲ್ಲ ಮುಗಿದ ಮರುದಿನ ಗಡಿಯಾರದ ದೂರು ಬರುತ್ತದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರ್ ಹಚ್ಚಿದ ಅಪ್ಪ, "ಇದರಲ್ಲಿ ಇನ್ನೂ ನಾಲ್ಕೂವರೆ ಕಣೋ, ಹಾಲಿನವನೂ ಬಂದಿಲ್ಲ" ಎಂದರು. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯವನ್ನು ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಹಾಗಾಗಿ ಸರಿಯಾಗಿ ಐದೂವರೆ ಗಂಟೆ ಹಿಂದೆ. ಲಿನಕ್ಸ್ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯಿಂದ ಸ್ಥಳೀಯ ಸಮಯವನ್ನೇ ಇಟ್ಟುಕೊಳ್ಳಲು ಹೇಳಿದರೆ ಸರಿಹೋಗುತ್ತದೆ.

ಬಿಟ್‌ಲಾಕರ್ ಇದೆಯೋ ಇಲ್ಲವೋ ನೋಡಿ ಇಲ್ಲಿ ತಿಳಿಸಿ, ಮುಂದಿನದನ್ನು ಆಮೇಲೆ ಹೇಳುತ್ತೇನೆ.