ಟ್ಯೂಬ್ ಹಚ್ಚಿದರೆ ಹೋಗುತ್ತೆ, ಬಿಟ್ಟರೆ ಬರುತ್ತೆ

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಇದನ್ನು ಇದುವರೆಗೂ ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಮೂರ್ನಾಲ್ಕು ತಿಂಗಳಿಂದ ಮುಂದೊಗಲಿನ ಒಳಗೆ ತುರಿಕೆ, ಉರಿ. ಚರ್ಮ ಹಿಂದಕ್ಕೆ ಸರಿಸಿದರೆ ಒಳಗೆಲ್ಲ ಕೆಂಪು, ಮೊಸರಿನ ಹಾಗೆ ಬಿಳಿ ಅಂಟಿಕೊಂಡಿರುತ್ತದೆ, ಅಂಚಿನಲ್ಲಿ ಸಣ್ಣ ಸಣ್ಣ ಸೀಳು. ಮೂತ್ರ ತಾಗಿದರೆ ಚುರುಚುರು ಅನ್ನುತ್ತದೆ. ಮೆಡಿಕಲ್ ಶಾಪಿನಲ್ಲಿ ‘ಕೆಳಗಡೆ ತುರಿಕೆ’ ಅಂದಿದ್ದಕ್ಕೆ ಒಂದು ಟ್ಯೂಬ್ ಕೊಟ್ಟರು. ಹಚ್ಚಿದರೆ ಎರಡು ದಿನಕ್ಕೆ ಆರಾಮ, ಬಿಟ್ಟ ವಾರಕ್ಕೆ ಮತ್ತೆ ಶುರು. ದಿನಕ್ಕೆ ಮೂರು ಸಲ ಸೋಪು ಹಾಕಿ ತೊಳೆಯುತ್ತೇನೆ, ನೀರಿಗೆ ಆಂಟಿಸೆಪ್ಟಿಕ್ ಕೂಡ ಹಾಕಿಕೊಳ್ಳುತ್ತೇನೆ. ಹೆಂಡತಿ ಬಿಟ್ಟು ಬೇರೆ ಸಂಬಂಧ ಇಲ್ಲ. ಇದು ಗುಪ್ತರೋಗವೇ? ಹಾಂ, ರಾತ್ರಿ ಎರಡು ಸಲ ಮೂತ್ರಕ್ಕೆ ಏಳುತ್ತೇನೆ, ಅದು ವಯಸ್ಸಿನದ್ದು ಅಂದುಕೊಂಡಿದ್ದೇನೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಪತ್ರದ ಕೊನೆಯಲ್ಲಿ ಸುಮ್ನೆ ಸೇರಿಸಿದ್ದೀರಲ್ಲ, ರಾತ್ರಿ ಏಳುವ ಮಾತು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ. ಮುಲಾಮಿನ ವಿಷಯ ಆಮೇಲೆ. ಮೊದಲು ಖಾಲಿ ಹೊಟ್ಟೆಯಲ್ಲಿ ಹೋಗಿ ಶುಗರ್ ಪರೀಕ್ಷೆ ಮಾಡಿಸಿ, ಜೊತೆಗೆ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ. ಖಾಲಿ ಹೊಟ್ಟೆಯ ಶುಗರ್ 126 ಅಥವಾ ಅದಕ್ಕಿಂತ ಜಾಸ್ತಿ, ಇಲ್ಲವೇ ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ಸಕ್ಕರೆ ಕಾಯಿಲೆಯ ಲೆಕ್ಕ. ತನಗೆ ಶುಗರ್ ಇದೆ ಅಂತ ಗೊತ್ತೇ ಇಲ್ಲದ ಎಷ್ಟೋ ಗಂಡಸರಿಗೆ ಮೊದಲ ಸುಳಿವು ಸಿಗುವುದು ಇಲ್ಲೇ, ಮುಂದೊಗಲಿನ ಸೀಳಿನಲ್ಲಿ.

ನೀವು ಹೇಳಿದ ಲಕ್ಷಣ ನೋಡಿದರೆ ಇದು ಕ್ಯಾಂಡಿಡಾ ಅನ್ನುವ ಫಂಗಸ್ ಇರಬಹುದು. ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ. ಈ ಫಂಗಸ್ ನಮ್ಮ ಮೈಮೇಲೆ ಮೊದಲಿಂದಲೂ ಇರುವಂಥದ್ದೇ. ರಕ್ತದಲ್ಲಿ ಸಕ್ಕರೆ ಏರಿದರೆ ಮೂತ್ರದಲ್ಲೂ ಇಳಿಯುತ್ತದೆ, ಮುಂದೊಗಲಿನ ಕೆಳಗೆ ಬೆಚ್ಚಗೆ ಒದ್ದೆ ಜಾಗ, ಅಲ್ಲಿ ಸಕ್ಕರೆ ಇರುವ ನಾಲ್ಕು ಹನಿ ಉಳಿದರೆ ಅದಕ್ಕೆ ಇನ್ನೇನು ಬೇಕು? ಹಾಗಾಗಿ ಬೇರೆ ಸಂಬಂಧ ಇಲ್ಲದವರಿಗೂ ಇದು ಬರುತ್ತದೆ. ‘ಗುಪ್ತರೋಗ’ ಅಂತ ಗೋಡೆ ಮೇಲೆ ಬರೆಸಿಕೊಂಡಿರುವವರ ಹತ್ತಿರ ಹೋಗಿ ದುಡ್ಡು ಕಳೆದುಕೊಳ್ಳಬೇಡಿ, ದಯವಿಟ್ಟು.

ಈಗ ಆ ಟ್ಯೂಬ್. ಹೆಸರು ಬರೆದಿಲ್ಲ, ಆದರೆ ಎರಡೇ ದಿನಕ್ಕೆ ಆರಾಮ ಆಗಿ ಮತ್ತೆ ಬರುತ್ತದೆ ಅಂದರೆ ಅದರಲ್ಲಿ ಸ್ಟೀರಾಯ್ಡ್ ಇದೆ ಅಂತ ನನಗೆ ಅನುಮಾನ. ಪೆಟ್ಟಿಗೆ ತಿರುಗಿಸಿ ಓದಿ: ಕ್ಲೋಬೆಟಸಾಲ್, ಬೀಟಾಮೆಥಸೋನ್, ಇಂಥದ್ದೇನಾದರೂ ಕಂಡರೆ ನಿಲ್ಲಿಸಿ. ಸ್ಟೀರಾಯ್ಡ್ ಕೆಂಪು, ತುರಿಕೆ ಎರಡನ್ನೂ ಅಡಗಿಸುತ್ತದೆ, ಫಂಗಸ್ ಮಾತ್ರ ಒಳಗೊಳಗೆ ಬೆಳೆಯುತ್ತಲೇ ಇರುತ್ತದೆ, ಮೊದಲೇ ತೆಳುವಾದ ಅಲ್ಲಿನ ಚರ್ಮ ಇನ್ನೂ ತೆಳುವಾಗಿ ಸುಲಭಕ್ಕೆ ಹರಿಯುತ್ತದೆ. 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಅಂಗಡಿಯಲ್ಲಿ ನಡೆಯುವುದೇ ಬೇರೆ, ಗೊತ್ತಲ್ಲ. (ಚರ್ಮ ಬಿಳುಚಿ ಗಡುಸಾಗುವ ಒಂದು ಕಾಯಿಲೆಗೆ ನಾವೇ ಸ್ಟೀರಾಯ್ಡ್ ಬರೆಯುತ್ತೇವೆ. ಅದು ನೋಡಿ ತೀರ್ಮಾನಿಸುವ ವಿಷಯ.)

ಬರೀ ಫಂಗಸ್ ಅಂತಾದರೆ ಸಾಮಾನ್ಯವಾಗಿ ಕೊಡುವುದು ಕ್ಲೋಟ್ರಿಮಜೋಲ್ 1% ಮುಲಾಮು, ಬೇರೇನೂ ಬೆರಸದ್ದು. ದಿನಕ್ಕೆ ಎರಡು ಸಲ, ತೊಳೆದು ಒರೆಸಿ ತೆಳುವಾಗಿ, ಒಂದರಿಂದ ಎರಡು ವಾರ. ಮೂರನೇ ದಿನಕ್ಕೆ ತುರಿಕೆ ನಿಂತಿತು ಅಂತ ಬಿಡಬೇಡಿ. ಉರಿ ಹೋಗುವವರೆಗೆ ಸಂಭೋಗ ಬೇಡ. ಈ ಮುಲಾಮು ಕಾಂಡೋಮಿನ ರಬ್ಬರನ್ನೂ ಹಾಳುಮಾಡಬಹುದು. ಹೆಂಡತಿಗೆ ತುರಿಕೆ, ಬಿಳಿಸೆರಗು ಇದೆಯಾ ಅಂತ ಕೇಳಿ, ಇದ್ದರೆ ಅವರೂ ತೋರಿಸಬೇಕು. ಕೇಳಬೇಕಾದರೆ ವಿಷಯ ಹೇಳಲೇಬೇಕಾಗುತ್ತದೆ, ಹೇಳಿಬಿಡಿ.

ಸೋಪು, ಆಂಟಿಸೆಪ್ಟಿಕ್ ಎರಡನ್ನೂ ಇವತ್ತೇ ನಿಲ್ಲಿಸಿ. ನೋವಾಗದಷ್ಟು ಚರ್ಮ ಸರಿಸಿ, ಬರೀ ಉಗುರುಬೆಚ್ಚಗಿನ ನೀರಲ್ಲಿ ದಿನಕ್ಕೊಮ್ಮೆ ತೊಳೆದರೆ ಸಾಕು. ಮೆತ್ತಗೆ ಒತ್ತಿ ಒಣಗಿಸಿ, ಚರ್ಮ ಮರೆಯದೆ ಮುಂದಕ್ಕೆ ತನ್ನಿ.

ಶುಗರ್‌ಗೆ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವ ಬೇರೆ ಓದುಗರಿಗೆ ಒಂದು ಮಾತು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿ. ಒಳ್ಳೆಯ ಮಾತ್ರೆಗಳೇ, ಆದರೆ ಈ ತುರಿಕೆ ಅವುಗಳ ಗೊತ್ತಿರುವ ಅಡ್ಡಪರಿಣಾಮ. ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ತಿಳಿಸಿ.

ಎರಡು ವಾರಕ್ಕೂ ಬಗ್ಗದಿದ್ದರೆ, ಹುಣ್ಣು, ಗುಳ್ಳೆ, ಕೀವು ಕಂಡರೆ, ಚರ್ಮ ಸರಿಸಲು ಬರದಷ್ಟು ಬಿಗಿಯಾದರೆ ಚರ್ಮರೋಗ ತಜ್ಞರಿಗೆ ತೋರಿಸಿ. ನೋವೇ ಇಲ್ಲದ ಹುಣ್ಣಾದರೆ ಇನ್ನೂ ಬೇಗ, ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಶುರುವಾಗುವುದು ಹಾಗೆಯೇ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇದಕ್ಕೆಲ್ಲ ದುಡ್ಡು ಕೇಳುವುದಿಲ್ಲ, ಹೆಸರೂ ಬಯಲಾಗುವುದಿಲ್ಲ.

ಪ್ರಶ್ನೆ: ಮಗನಿಗೆ 3 ವರ್ಷ. ಚರ್ಮ ಹಿಂದಕ್ಕೆ ಹೋಗುವುದೇ ಇಲ್ಲ. ದಿನಾ ಎಣ್ಣೆ ಹಚ್ಚಿ ಎಳೆಯಬೇಕು ಅನ್ನುತ್ತಾರೆ ಅತ್ತೆ. ಮಗು ಕಿರುಚುತ್ತದೆ. ಏನು ಮಾಡಲಿ?
– ಒಬ್ಬ ತಾಯಿ, ಶಿರಸಿ

ಉತ್ತರ: ಎಳೆಯಬೇಡಿ ಅಮ್ಮಾ. ಹುಟ್ಟುವಾಗ ಆ ಚರ್ಮ ಒಳಗೆ ಅಂಟಿಕೊಂಡೇ ಇರುತ್ತದೆ, ವರ್ಷಗಳು ಕಳೆದ ಹಾಗೆ ತಾನಾಗಿ ಬಿಡುತ್ತದೆ, ಕೆಲವರಿಗೆ ಮೀಸೆ ಮೂಡುವ ವಯಸ್ಸಿನವರೆಗೂ. ಬಲವಂತ ಮಾಡಿದರೆ ಸೀಳಿ, ಗಾಯ ಒಣಗುವಾಗ ಕಲೆಗಟ್ಟಿ, ಇಲ್ಲದ ಬಿಗಿತ ಬರುತ್ತದೆ. ಹೊರಗೆ ನೀರು ಹಾಕಿದರೆ ಸಾಕು. ಒಳಗೆ ಬಿಳಿ ಮುದ್ದೆ ಥರ ಕಂಡರೂ ಅದು ಕೀವಲ್ಲ, ಉದುರಿದ ಚರ್ಮ, ಹೆದರಬೇಡಿ. ಅತ್ತೆಗೆ ಡಾಕ್ಟರ್ ಹೇಳಿದರು ಅನ್ನಿ. ತುದಿ ಊದಿ ಕೆಂಪಾಗಿ ಜ್ವರ ಬಂದರೆ, ಉಚ್ಚೆ ಮಾಡುವಾಗ ಅತ್ತರೆ ತೋರಿಸಿ. ಎಳೆದ ಚರ್ಮ ಹಿಂದೆಯೇ ಸಿಕ್ಕಿಕೊಂಡು ತುದಿ ಬಾತುಕೊಂಡರೆ ಮಾತ್ರ, ಮಗುವಿಗಾಗಲಿ ದೊಡ್ಡವರಿಗಾಗಲಿ, ಬೆಳಗಾಗಲಿ ಅಂತ ಕಾಯಬೇಡಿ, ರಕ್ತ ಓಡಾಟ ನಿಂತುಹೋಗಬಹುದು, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.