ಹದಿನೈದನೇ ಲೂಯಿ ಹದಿನಾಲ್ಕನೆಯವನ ಮಗನೇ?

ನೀವು ಬರೆದಿರುವ ಫ್ರಾನ್ಸ್ ರಾಜರ ವಂಶವೃಕ್ಷದಲ್ಲಿ ಹದಿನೈದನೇ ಲೂಯಿ ಹದಿನಾಲ್ಕನೆಯವನ ಮಗನಾಗಿರುವುದಕ್ಕೆ ಕಾರಣ ಬಹುಶಃ ಪಟ್ಟವೇರದೆ ಸತ್ತವರನ್ನು ಕೈಬಿಟ್ಟಿರುವುದು. ಅವರೆಲ್ಲರ ಹೆಸರೂ ಲೂಯಿಯೇ. ಮೊದಲು ಹದಿನಾಲ್ಕನೇ ಲೂಯಿಯ ಕೆಳಗೆ 1711ರಲ್ಲಿ ಸಿಡುಬಿನಿಂದ ಸತ್ತ ಮಗನನ್ನು ಬರೆಯಿರಿ. ಅವನ ಕೆಳಗೆ ಅವನ ಮಗ, ಬರ್ಗಂಡಿಯ ಡ್ಯೂಕ್ ಬರಲಿ. 1712ರ ಫೆಬ್ರವರಿಯಲ್ಲಿ ದಡಾರ ಇವನನ್ನೂ ಹೆಂಡತಿಯನ್ನೂ ಒಂದೇ ವಾರದೊಳಗೆ ಬಲಿ ತೆಗೆದುಕೊಂಡಿತು. ಮಾರ್ಚ್‌ನಲ್ಲಿ ಐದು ವರ್ಷದ ಹಿರಿಯ ಮಗನೂ ಹೋದ. ಎರಡು ವರ್ಷದ ಕಿರಿಯವನನ್ನು ಮಾತ್ರ ಆರೈಕೆಯ ಹೊಣೆ ಹೊತ್ತಿದ್ದ ಮದಾಂ ದ ವಾಂತಾದೂರ್, ವೈದ್ಯರು ಚಿಕಿತ್ಸೆಯೆಂದು ರಕ್ತ ತೆಗೆಯಲು ಬಿಡದೆ, ಉಳಿಸಿಕೊಂಡಳು. ಎಂಥ ಗಟ್ಟಿಗಿತ್ತಿ! ಅವನೇ ಹದಿನೈದನೇ ಲೂಯಿ, ಹದಿನಾಲ್ಕನೆಯವನ ಮರಿಮಗ.

ಹದಿನಾರನೆಯವನನ್ನೂ ಇವನ ಮಗನೆಂದೇ ಬರೆದಿರಬಹುದು, ನೋಡಿಕೊಳ್ಳಿ. ಅವನು ಮೊಮ್ಮಗ, ನಡುವೆ 1765ರಲ್ಲಿ ತೀರಿಕೊಂಡ ತಂದೆಯನ್ನು ಸೇರಿಸಿ.